ನಿಂಬೆಹಣ್ಣಿಗೆ ಚೌಕಾಶಿ, ಕಾರಿಗೆ ಮೌನ

ಮಂಗಳವಾರವೋ ಶುಕ್ರವಾರವೋ ರಾಹುಕಾಲದ ಹೊತ್ತಿಗೆ ನಮ್ಮ ಬನಶಂಕರಿ ದೇವಸ್ಥಾನದ ಮುಂದೆ ನಿಂತು ನೋಡಿದ್ದೀರಾ? ನಿಂಬೆಹಣ್ಣಿನ ದೀಪ ಹಚ್ಚೋಕೆ ಬಂದವರು ಹಣ್ಣು ಮಾರುವ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಐದು ನಿಮಿಷ ಜಗ್ಗಾಡ್ತಾರೆ. ನಾನೂ ಜಗ್ಗಾಡಿದ್ದೀನಿ, ಸುಳ್ಳು ಯಾಕೆ ಹೇಳಲಿ. ಅದೇ ನಾವು ಏಳೆಂಟು ಲಕ್ಷದ ಕಾರು ಕೊಳ್ಳೋಕೆ ರಿಂಗ್ ರೋಡಿನ ಏಸಿ ಶೋರೂಮಿನ ಗಾಜಿನ ಬಾಗಿಲು ತಳ್ಳಿದ ಕೂಡಲೇ ಬೆಕ್ಕಿನ ಮರಿ ಆಗಿಬಿಡ್ತೀವಿ. ಒಂದು ಕಪ್ ಕಾಫಿ ಕೊಟ್ಟು, "ಸಾರ್" ಅಂದು, ಮುದ್ರಿಸಿದ ಹಾಳೆ ಮುಂದಿಟ್ಟರೆ ಮುಗೀತು. ಮುದ್ರಿಸಿದ್ದಾರೆ ಅಂದಮೇಲೆ ಅದು ಸರ್ಕಾರದ ಆದೇಶ ಇದ್ದಂತೆ!

ಈ ವಿಷಯ ಬರೆಯೋಕೆ ಕಾರಣ, 2025ರ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದ ಸಣ್ಣ ಕಾರು. ಅಪ್ಪನಿಗೆ ಮಂಡಿ ಆಪರೇಷನ್ ಆದಮೇಲೆ ಆಟೋ ಹತ್ತಿ ಇಳಿಯೋದು ಕಷ್ಟ. "ನನ್ನ ದುಡ್ಡಲ್ಲೇ ತಗೋ, ನಿನ್ನ ಸಾಲದ ಜೊತೆ ಇನ್ನೊಂದು ಸಾಲ ಬೇಡ" ಅಂತ ಹಟ ಹಿಡಿದರು. ಮೇಷ್ಟ್ರಾಗಿದ್ದವರು. ನಿವೃತ್ತಿಯಾದಾಗ ಬಂದು ಎಫ್‌ಡಿಯಲ್ಲಿ ಕೂತಿದ್ದ ದುಡ್ಡು ಅದು. ಕೊನೆಗೆ ಒಪ್ಪಂದ ಆಗಿದ್ದು: ಅವರದ್ದು ಆರು ಲಕ್ಷ, ಉಳಿದಿದ್ದು ನನ್ನ ಹೆಸರಲ್ಲಿ ಸಾಲ.

ಶೋರೂಮಿನಲ್ಲಿ ಸೇಲ್ಸ್ ಹುಡುಗ ಹಾಳೆ ಕೊಟ್ಟ. ಲೆಕ್ಕ ಸುಲಭವಾಗಲಿ ಅಂತ ಎಕ್ಸ್ ಶೋರೂಮ್ ಬೆಲೆ ಸರಿಯಾಗಿ ಏಳು ಲಕ್ಷ ಅಂದುಕೊಳ್ಳೋಣ. ಅದರ ಕೆಳಗೆ ಆರ್‌ಟಿಓ 1,19,000, ಇನ್ಶೂರೆನ್ಸ್ 42,500, ಹ್ಯಾಂಡ್ಲಿಂಗ್ 8,500, ಆಕ್ಸೆಸರಿ ಪ್ಯಾಕ್ 18,000, ಎಕ್ಸ್‌ಟೆಂಡೆಡ್ ವಾರಂಟಿ 12,000. ಕೂಡಿದರೆ ಸರಿಯಾಗಿ ಒಂಬತ್ತು ಲಕ್ಷ. ನಾನು ಪೆನ್ನು ತೆಗೆದು ಒಂದೊಂದೇ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕೋಕೆ ಶುರು ಮಾಡಿದೆ. ಪಕ್ಕದಲ್ಲಿದ್ದ ಅಪ್ಪ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು. ಆಮೇಲೆ ಹೊರಗೆ ಬಂದು ಹೇಳಿದ್ದು: "ಸಂತೆ ಥರ ಆಡ್ತೀಯಲ್ಲೋ, ಮರ್ಯಾದೆ ತೆಗೀಬೇಡ. ಅವರಿಗೂ ಹೊಟ್ಟೆಪಾಡು ಇರತ್ತೆ."

ಸಿಟ್ಟು ಬಂತು ನಿಜ. ಆದರೆ ರಾತ್ರಿ ಯೋಚಿಸಿದಾಗ ಅಪ್ಪನ ತಲೆಮಾರು ಯಾಕೆ ಹೀಗೆ ಅಂತ ಅರ್ಥ ಆಯ್ತು. ಅಪ್ಪ 1979ರಲ್ಲಿ ಸ್ಕೂಟರಿಗೆ ದುಡ್ಡು ಕಟ್ಟಿದ್ದರು, ಗಾಡಿ ಬಂದಿದ್ದು 1985ರಲ್ಲಿ. ಆಗ ಯಾವ ಕಾರ್ಖಾನೆ ಎಷ್ಟು ಗಾಡಿ ತಯಾರಿಸಬೇಕು ಅಂತ ಲೈಸೆನ್ಸ್ ಕೊಡುತ್ತಿದ್ದದ್ದು ಸರ್ಕಾರ. ಬಜಾಜ್ ಚೇತಕ್‌ಗೆ ವರ್ಷಗಟ್ಟಲೆ ಕಾಯಬೇಕಿತ್ತು, ಅಲಾಟ್‌ಮೆಂಟ್ ಸಿಕ್ಕವರು ಅದನ್ನೇ ಹೆಚ್ಚು ಬೆಲೆಗೆ ಮಾರುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಅದೇ ಸಾಲು, ಅದೇ ಕಾಯುವಿಕೆ. ಅಂಥ ಕಾಲದಲ್ಲಿ ಡೀಲರ್ ಅಂದರೆ ವರ ಕೊಡೋ ದೇವರು. ದೇವರ ಹತ್ತಿರ ಯಾರು ಚೌಕಾಶಿ ಮಾಡ್ತಾರೆ? ಕಾರು ತಯಾರಿಕೆಗೆ ಲೈಸೆನ್ಸ್ ಬೇಡ ಅಂತಾಗಿದ್ದು 1993ರಲ್ಲಿ. ಅದಾಗಿ ಮೂರು ದಶಕ ಕಳೆದಿದೆ, ಒಂದೇ ರಸ್ತೆಯಲ್ಲಿ ನಾಲ್ಕು ಕಂಪನಿಯ ಶೋರೂಮುಗಳಿವೆ, ಆದರೆ ನಮ್ಮ ಬೆನ್ನು ಮಾತ್ರ ಇನ್ನೂ ಬಾಗೇ ಇದೆ.

ಇರಲಿ, ಹಾಳೆಗೆ ಬರ್ತೀನಿ. ಚೌಕಾಶಿ ಅಂದರೆ "ಏನಾದ್ರೂ ಕಮ್ಮಿ ಮಾಡ್ಕೊಳ್ಳಿ ಸಾರ್" ಅಂತ ಹಲ್ಲು ಗಿಂಜೋದು ಅಂತ ನಾನೂ ಅಂದುಕೊಂಡಿದ್ದೆ. ಹಾಗೆ ಕೇಳಿದರೆ ಒಂದು ಗಣೇಶನ ವಿಗ್ರಹ, ಒಂದು ಪರ್ಫ್ಯೂಮ್ ಬಾಟಲಿ ಸಿಗತ್ತೆ ಅಷ್ಟೆ :-) ನಿಜವಾದ ಚೌಕಾಶಿ ಒಂದೊಂದು ಸಾಲನ್ನೂ "ಇದು ಯಾರಿಗೆ ಹೋಗೋ ದುಡ್ಡು?" ಅಂತ ಕೇಳೋದು.

ಮೊದಲು ಆರ್‌ಟಿಓ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಾವಧಿ ತೆರಿಗೆ ಐದು ಲಕ್ಷದವರೆಗೆ ಶೇ. 13, ಐದರಿಂದ ಹತ್ತು ಲಕ್ಷಕ್ಕೆ ಶೇ. 14, ಹತ್ತರಿಂದ ಇಪ್ಪತ್ತಕ್ಕೆ ಶೇ. 17, ಅದಕ್ಕೂ ಮೇಲೆ ಶೇ. 18. ಆ ತೆರಿಗೆಯ ಮೇಲೆ ಶೇ. 11 ಸೆಸ್. ದೇಶದಲ್ಲೇ ಹೆಚ್ಚು ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು, ಅದರ ಬಗ್ಗೆ ಇನ್ನೊಂದು ದಿನ ಅಳೋಣ. ಏಳು ಲಕ್ಷಕ್ಕೆ ಶೇ. 14 ಅಂದರೆ 98,000, ಸೆಸ್ 10,780, ಒಟ್ಟು 1,08,780. ನೋಂದಣಿ ಶುಲ್ಕ 600, ಸಾಲ ಇದ್ದರೆ ಅದರ ನಮೂದಿಗೆ 1,500, ಸ್ಮಾರ್ಟ್ ಕಾರ್ಡು, ಸಣ್ಣಪುಟ್ಟ ಸೆಸ್ಸು ಎಲ್ಲ ಸೇರಿಸಿದರೂ 1,12,000 ಆಸುಪಾಸು. ಉಳಿದ ಏಳು ಸಾವಿರ ಏನು ಅಂತ ಕೇಳಿದೆ. "ಆರ್‌ಟಿಓ ಖರ್ಚು ಸಾರ್" ಅಂದ. "ಸರಿ, ತೆರಿಗೆ ರಸೀದಿಯಲ್ಲಿ ಎಷ್ಟಿರತ್ತೋ ಅಷ್ಟು ಕೊಡ್ತೀನಿ" ಅಂದೆ. ಈಗ ಎಲ್ಲ ವಾಹನ್ ಪೋರ್ಟಲ್‌ನಲ್ಲೇ ಆಗೋದು, ರಸೀದಿ ಬಂದೇ ಬರತ್ತೆ. ಆ ಏಳು ಸಾವಿರ ಸದ್ದಿಲ್ಲದೆ ಮಾಯ ಆಯ್ತು.

ಎರಡನೆಯದು ಇನ್ಶೂರೆನ್ಸ್. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ನಿಗದಿ ಮಾಡೋದು. 2022ರಲ್ಲಿ ನಿಗದಿಯಾದಂತೆ 1000 ಸಿಸಿ ಮೀರದ ಕಾರಿಗೆ 6,521, ಅಲ್ಲಿಂದ 1500 ಸಿಸಿವರೆಗೆ 10,640 ರೂಪಾಯಿ, ಮೇಲೆ ಜಿಎಸ್‌ಟಿ. ಅದು ಯಾವ ಕಂಪನಿಯಲ್ಲಿ ತಗೊಂಡರೂ ಒಂದೇ. ವ್ಯತ್ಯಾಸ ಇರೋದು ನಮ್ಮ ಗಾಡಿಯ ಸ್ವಂತ ನಷ್ಟದ ವಿಮೆಯಲ್ಲಿ, ಅದಕ್ಕೆ ಅಂಟಿಸುವ ಝೀರೋ ಡೆಪ್ರಿಸಿಯೇಷನ್, ಕೀ ಕಳೆದರೆ, ಟೈರ್ ಹರಿದರೆ ಅನ್ನೋ ಬಾಲಗಳಲ್ಲಿ. "ಇನ್ಶೂರೆನ್ಸ್ ನಮ್ಮಲ್ಲೇ ತಗೋಬೇಕು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡೀಲರುಗಳು ವಿಮೆ ಮಾರೋದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ನಿಯಮ ತಂದಿದೆ, ಅದರ ಪ್ರಕಾರ ಬಲವಂತ ಮಾಡುವಂತಿಲ್ಲ. ನಾನು ಅಲ್ಲೇ ಕೂತು ಮೊಬೈಲಿನಲ್ಲಿ ಅದೇ ಕವರೇಜ್‌ಗೆ ಬೇರೆ ಕಡೆಯ ದರ ತೆಗೆದೆ: 31,000. ಶೋರೂಮಿನವರು 32,000ಕ್ಕೆ ಇಳಿದರು, ಅವರಲ್ಲೇ ತಗೊಂಡೆ. ಹತ್ತೂವರೆ ಸಾವಿರ ಉಳೀತು. ಇನ್ನೊಂದು ವಿಷಯ, ಮಾಲೀಕ-ಚಾಲಕನ ಹದಿನೈದು ಲಕ್ಷದ ಅಪಘಾತ ವಿಮೆ ನಿಮಗೆ ಬೇರೆ ಕಡೆ ಈಗಾಗಲೇ ಇದ್ದರೆ ಅದನ್ನು ಮತ್ತೆ ಕೊಳ್ಳಬೇಕಿಲ್ಲ.

ಹ್ಯಾಂಡ್ಲಿಂಗ್ ಚಾರ್ಜ್... ಇದು ನನಗೆ ಬಹಳ ಇಷ್ಟವಾದ ಸಾಲು. ಗಾಡಿ ಗೋಡೌನಿನಿಂದ ಶೋರೂಮಿಗೆ ತಂದ ಖರ್ಚಂತೆ. ಭೀಮಾ ಜುವೆಲರ್ಸೋ, ಎಂಟಿಆರೋ ಯಾವತ್ತಾದರೂ ಒಳಗಿನಿಂದ ಮೇಜಿಗೆ ತಂದಿದ್ದಕ್ಕೆ ಬೇರೆ ದುಡ್ಡು ಕೇಳಿದ್ದುಂಟಾ? ಇದು ತೆರಿಗೆಯೂ ಅಲ್ಲ, ಸರ್ಕಾರಿ ಶುಲ್ಕವೂ ಅಲ್ಲ. "ಇದನ್ನ ತೆಗೀರಿ" ಅಂತ ಒಂದೇ ಮಾತು ಹೇಳಿ ಸುಮ್ಮನೆ ಕೂತೆ. ಸುಮ್ಮನೆ ಕೂರೋದು ಎಷ್ಟು ಕಷ್ಟ ಗೊತ್ತಾ! ಎರಡು ನಿಮಿಷ ಎರಡು ಗಂಟೆ ಥರ ಇತ್ತು. ಹುಡುಗ ಮ್ಯಾನೇಜರ್ ರೂಮಿಗೆ ಹೋಗಿ ಬಂದ. ಸಾಲು ಹೋಯ್ತು.

ಆಕ್ಸೆಸರಿ ಪ್ಯಾಕ್‌ನಲ್ಲಿದ್ದ ಸೀಟ್ ಕವರು, ಬಾಗಿಲಿಗೆ ಕ್ರೋಮು ನಮಗೆ ಬೇಕಿರಲಿಲ್ಲ. ಮ್ಯಾಟು, ಮಡ್ ಫ್ಲಾಪು ಹೊರಗೆ ನಾಲ್ಕು ಸಾವಿರಕ್ಕೆ ಆಯ್ತು. ವಾರಂಟಿ ಮಾತ್ರ ಉಳಿಸಿಕೊಂಡೆವು, ಅಪ್ಪನ ಸಮಾಧಾನಕ್ಕೆ. ಬೈಕು, ಸ್ಕೂಟರ್ ಕೊಳ್ಳುವವರಿಗೆ ಒಂದು ಕಿವಿಮಾತು: ಗಾಡಿ ಜೊತೆ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಅದನ್ನು "ಗಿಫ್ಟ್" ಅಂತ ಕೊಟ್ಟರೆ ನಕ್ಕುಬಿಡಿ.

ಸಾಲದ ಬಗ್ಗೆ ಎರಡೇ ಮಾತು. ಬೆಲೆ ಮಾತಾಡುವಾಗ ಅವರು ಮೆಲ್ಲಗೆ "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಅಂತ ವಿಷಯ ತಿರುಗಿಸ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಬೆಲೆ ಮರೆತೇ ಹೋಗತ್ತೆ. ಮತ್ತೆ "ಬರೀ ಶೇ. 7 ಬಡ್ಡಿ" ಅಂದರೆ ಅದು ಫ್ಲ್ಯಾಟ್ ದರವಾ ಅಂತ ಕೇಳಿ. ಐದು ವರ್ಷಕ್ಕೆ ಶೇ. 7ರ ಫ್ಲ್ಯಾಟ್ ಅಂದರೆ ಬ್ಯಾಂಕಿನ ಕರಗುವ ಬಾಕಿಯ ಲೆಕ್ಕದಲ್ಲಿ ಸುಮಾರು ಶೇ. 12.5. ಗಣಿತದ ಮೇಷ್ಟ್ರು ಅಪ್ಪನೇ ಲೆಕ್ಕ ಹಾಕಿ ಹುಬ್ಬೇರಿಸಿದರು. ಆ ರಾತ್ರಿಯಿಂದ ಅವರು ನನ್ನ ಪಾರ್ಟಿ!

ಇನ್ನು ಕಾಲ. ಆಯುಧಪೂಜೆ, ದೀಪಾವಳಿ, ಯುಗಾದಿಗೆ ಎಲ್ಲರೂ ಮುಗಿಬೀಳೋವಾಗ ರಿಯಾಯಿತಿ ಕೇಳಿದರೆ ಡೀಲರ್ ಯಾಕೆ ಕೊಡ್ತಾನೆ? ಆಷಾಢದಲ್ಲಿ, ಪಿತೃಪಕ್ಷದಲ್ಲಿ ಶೋರೂಮು ಖಾಲಿ. ನಂಬಿಕೆ ಬಿಡಿ ಅಂತ ನಾನು ಹೇಳೋಲ್ಲ. ಆಷಾಢದಲ್ಲಿ ಬೆಲೆ ಮಾತಾಡಿ ಬರವಣಿಗೆಯಲ್ಲಿ ತಗೊಳ್ಳಿ, ಶ್ರಾವಣದಲ್ಲಿ ಗಾಡಿ ತಗೊಳ್ಳಿ. "ಡೆಲಿವರಿ ದಿನದ ಬೆಲೆ ಅನ್ವಯ" ಅಂತ ಬುಕಿಂಗ್ ಫಾರಂನ ಇರುವೆ ಅಕ್ಷರದಲ್ಲಿ ಇರತ್ತೆ, ಅದನ್ನು ನೋಡಿಕೊಳ್ಳಿ. ಡಿಸೆಂಬರ್ ಕೊನೆಯಲ್ಲೂ ಆ ವರ್ಷದ ಸ್ಟಾಕ್ ಖಾಲಿ ಮಾಡೋ ಅವಸರ ಇರತ್ತೆ. ಆದರೆ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರೋದರಿಂದ ಜನವರಿ ಬಂದ ಕೂಡಲೇ ಗಾಡಿ "ಕಳೆದ ವರ್ಷದ್ದು". ಎರಡು ಮೂರು ವರ್ಷದಲ್ಲೇ ಮಾರುವವರು ಯೋಚಿಸಬೇಕು. ಹತ್ತು ವರ್ಷ ಓಡಿಸುವ ನಮ್ಮಂಥವರಿಗೆ ಅದು ಲಾಭವೇ. ನಮಗೆ ಹಾಗೆ ಇನ್ನೂ 15,000 ಬಿಟ್ಟರು. ಎಲ್ಲ ಕೂಡಿ ಉಳಿದಿದ್ದು 55,000. ಅಪ್ಪನ ಎರಡು ತಿಂಗಳ ಪೆನ್ಷನ್ನಿಗಿಂತ ಸ್ವಲ್ಪ ಹೆಚ್ಚು.

ಈಗ ನಾನು ಹೇಳಬೇಕಾದ ಮಾತು. ಉಳಿಸಿದೆ ಅಂತ ಬೀಗೋಕೆ ಇದನ್ನು ಬರೀತಿಲ್ಲ. ನಾನು ಕೇಳದೇ ಇದ್ದಿದ್ದರೆ ಆ 55,000 ಹೋಗುತ್ತಿತ್ತು. ಅಂದರೆ ಅದೇ ದಿನ, ಅದೇ ಗಾಡಿಗೆ, ಪಕ್ಕದ ಮೇಜಿನಲ್ಲಿ ಕೇಳದೇ ಇದ್ದವರು ಅದನ್ನು ಕೊಟ್ಟಿದ್ದಾರೆ. ಯಾರು ಕೇಳೋಲ್ಲ? ವಯಸ್ಸಾದವರು, ಇಂಗ್ಲಿಷಿನ ಹಾಳೆ ನೋಡಿ ಹಿಂಜರಿಯುವವರು, ಹಳ್ಳಿಯಿಂದ ಮಗನ ಜೊತೆ ಬಂದವರು, ಒಬ್ಬಳೇ ಬಂದ ಹೆಣ್ಣುಮಗಳು, ನಮ್ಮಪ್ಪನಂಥ ಮರ್ಯಾದಸ್ಥರು. ಬಾಯಿ ಇದ್ದವರಿಗೆ ಸಿಗುವ ರಿಯಾಯಿತಿಯ ಒಂದಷ್ಟು ಪಾಲನ್ನು ಬಾಯಿ ಇಲ್ಲದವರು ತುಂಬ್ತಾರೆ ಅಂತ ನನ್ನ ಗುಮಾನಿ. ಸಂಕೋಚಕ್ಕೆ ಹಾಕಿದ ತೆರಿಗೆ ಇದು. ಎಲ್ಲರಿಗೂ ಒಂದೇ ಬೆಲೆ, ಕನ್ನಡದಲ್ಲಿ ಬಿಡಿಬಿಡಿಯಾಗಿ ಬರೆದ ಪಟ್ಟಿ, ಯಾವುದು ಕಡ್ಡಾಯ, ಯಾವುದು ನಿಮ್ಮಿಷ್ಟ ಅನ್ನೋ ಎರಡು ಕಾಲಂ. ಇಷ್ಟಿದ್ದರೆ ಚೌಕಾಶಿಯೇ ಬೇಡ. ಅದು ಬರೋವರೆಗೂ ಕೇಳೋದು ನಮ್ಮ ಕೆಲಸ, ನಮ್ಮ ಜೊತೆ ಕೇಳಲಾರದವರನ್ನೂ ಕರ್ಕೊಂಡು ಹೋಗಿ ಕೇಳೋದು ಅದಕ್ಕಿಂತ ದೊಡ್ಡ ಕೆಲಸ.

ಅಪ್ಪನ "ಹೊಟ್ಟೆಪಾಡು" ಮಾತೂ ಸುಳ್ಳಲ್ಲ. ಆ ಸೇಲ್ಸ್ ಹುಡುಗ ಮಂಡ್ಯದ ಕಡೆಯವನು. ನಾನು ಕನ್ನಡ ಶುರು ಮಾಡಿದಮೇಲೆ ಹಗುರಾದ. "ಸಾರ್, ಇನ್ಶೂರೆನ್ಸು, ಆಕ್ಸೆಸರಿ ಮಾರದಿದ್ರೆ ನನಗೆ ಇನ್ಸೆಂಟಿವ್ ಬರಲ್ಲ" ಅಂದ. ಅದಕ್ಕೇ ಬೇರೆ ಕಡೆ ಒಂದು ಸಾವಿರ ಕಮ್ಮಿ ಇದ್ದರೂ ವಿಮೆ ಅವನ ಹತ್ತಿರವೇ ಮಾಡಿಸಿದ್ದು. ಅವನ ಮೇಲೆ ಕೂಗಾಡಿ ಬೆಲೆ ಇಳಿಸೋದರಲ್ಲಿ ಯಾವ ಪೌರುಷವೂ ಇಲ್ಲ. ಹಾಳೆ ಬರೆದವನು ಅವನಲ್ಲ. ಮತ್ತೆ ಆರು ತಿಂಗಳು ವೇಟಿಂಗ್ ಇರೋ ಗಾಡಿಗೆ ರಿಯಾಯಿತಿ ಕೇಳಿ ಮುಖ ಊದಿಸಿಕೊಳ್ಳೋದೂ ತಪ್ಪು. ಅಲ್ಲೂ ಕೂಡ ಹ್ಯಾಂಡ್ಲಿಂಗ್ ಸಾಲು ಮಾತ್ರ ಹೊಡೆದುಹಾಕಿ!

ಗಾಡಿ ಬಂದ ದಿನ ಬನಶಂಕರಿ ದೇವಸ್ಥಾನಕ್ಕೆ ಪೂಜೆಗೆ ಹೋದೆವು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಅಭ್ಯಾಸಬಲ, "ಎಷ್ಟಜ್ಜೀ? ಜಾಸ್ತಿ ಆಯ್ತಲ್ಲ" ಅಂತ ಬಾಯಿಗೆ ಬಂತು. ಅಪ್ಪ ತೊಡೆ ಚಿವುಟಿದರು, ಮತ್ತೆ. "ಅಲ್ಲಿ ಮಾಡಿದ್ದು ಸರಿ. ಇಲ್ಲಿ ಕೇಳಿದಷ್ಟು ಕೊಡು."

ಕೊಟ್ಟೆ. ನೀವೇನಂತೀರಿ? ನಿಮ್ಮ ಹಾಳೆಯಲ್ಲಿ ಯಾವ ಯಾವ ಸಾಲು ಇತ್ತು?