ರಟ್ಟಿನಿಂದ ಗುಟ್ಟು ರಟ್ಟು!

2018ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಲ್ಯಾಬೊ’ ಎಂಬ ರಟ್ಟಿನ ಆಟಿಕೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. 70 ಡಾಲರ್ ತೆತ್ತು ರಟ್ಟು ಕೊಳ್ಳಬೇಕೇ ಎಂದು ಮೂಗು ಮುರಿದವರುಂಟು.

ಮೂಗು ಮುರಿಯುವವರೇ, ಆ ರಟ್ಟಿನ ಪಿಯಾನೊದೊಳಗೆ ಒಮ್ಮೆ ಇಣುಕಿ! ಮಗು ತಾನೇ ಮಡಿಸಿ ಜೋಡಿಸಿದ ಕೀ ಒತ್ತಿದರೆ ಅದರ ಹಿಂತುದಿಯ ಹೊಳೆಯುವ ಪಟ್ಟಿ ಮೇಲೇಳುತ್ತದೆ. ‘ಸ್ವಿಚ್’ ಆಟದ ಯಂತ್ರದ ಅತಿಗೆಂಪು ಕ್ಯಾಮೆರಾ ಅದನ್ನು ಗುರುತಿಸುತ್ತದೆ. ಸ್ವರ ಹೊಮ್ಮುತ್ತದೆ. ಮಾಯವೂ ಇಲ್ಲ, ಮಂತ್ರವೂ ಇಲ್ಲ!

ಅದರ ‘ಗ್ಯಾರೇಜ್’ ವಿಭಾಗದಲ್ಲಿ ‘ಹೀಗಾದರೆ ಹಾಗೆ ಮಾಡು’ ಎಂದು ಪರದೆಯ ಮೇಲೆ ಗೆರೆ ಎಳೆದು ಮಗುವೇ ಹೊಸ ಆಟ ಕಟ್ಟಬಹುದು. ಮಿಕ್ಕ ಆಟಿಕೆಗಳು ತಿರುಪು ಬಿಗಿದು ಮುಚ್ಚಿಟ್ಟ ಗುಟ್ಟನ್ನು ಇದು ಬಿಚ್ಚಿಟ್ಟಿತು.

ರಟ್ಟು ಹರಿದರೆ ಗೋಂದು ಹಚ್ಚಬಹುದು. ಮಗುವಿನ ಕುತೂಹಲ ಸತ್ತರೆ? ಹೆತ್ತವರೇ, ನಿಮಗೆ ಬರೀ ಕೊಳ್ಳುವ ಮಕ್ಕಳು ಬೇಕೋ, ಕಟ್ಟುವ ಮಕ್ಕಳು ಬೇಕೋ?