ಕಡೂರಿನ ವೇದಾ ಆದ ಮೇಲೆ ಯಾರು?

ಕಡೂರಿನ ವೇದಾ ಕೃಷ್ಣಮೂರ್ತಿ 2025ರ ಜುಲೈನಲ್ಲಿ ಬ್ಯಾಟು ಕೆಳಗಿಟ್ಟರು. ಭಾರತಕ್ಕಾಗಿ 48 ಏಕದಿನ, 76 ಟಿ-ಟ್ವೆಂಟಿ ಪಂದ್ಯ ಆಡಿದ ಹೆಣ್ಣುಮಗಳು. ಅದಾಗಿ ನಾಲ್ಕು ತಿಂಗಳು ತುಂಬುವುದರೊಳಗೆ, ನವೆಂಬರ್ 2ರಂದು, ಹರ್ಮನ್‌ಪ್ರೀತ್ ಕೌರ್ ತಂಡ ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನಿನಿಂದ ಬಡಿದು ವಿಶ್ವಕಪ್ ಎತ್ತಿತು. ಪಟಾಕಿ ಸಿಡಿಸಿದ್ದೂ ಆಯ್ತು, ಸಿಹಿ ಹಂಚಿದ್ದೂ ಆಯ್ತು. ಗೆದ್ದ ಹದಿನೈದು ಮಂದಿಯಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ ಅನ್ನೋದು ಎಷ್ಟು ಮಂದಿಯ ಕಣ್ಣಿಗೆ ಬಿತ್ತೋ!

2017ರಲ್ಲಿ ಹೀಗಿರಲಿಲ್ಲ. ಆ ವರ್ಷದ ವಿಶ್ವಕಪ್, ಜುಲೈ 15, ಇಂಗ್ಲೆಂಡಿನ ಡರ್ಬಿ. ಎದುರಿಗೆ ನ್ಯೂಜಿಲೆಂಡ್. ಗೆದ್ದರೆ ಸೆಮಿಫೈನಲ್, ಸೋತರೆ ಗಂಟುಮೂಟೆ. ಮಿಥಾಲಿ ರಾಜ್ ಒಂದು ಕಡೆ ನಿಂತು ಶತಕ ಹೊಡೆದರೆ, ಕೊನೆಯಲ್ಲಿ ಬಂದ ವೇದಾ ಬರೇ 45 ಎಸೆತಕ್ಕೆ 70 ರನ್ ಚಚ್ಚಿದರು. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಚೆಂಡು ಹಿಡಿದು 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಚಾಪೆ ಸುತ್ತಿತು. ಒಂದೇ ಪಂದ್ಯದಲ್ಲಿ ಕರ್ನಾಟಕದ ಎರಡು ಮೂಲೆಯ ಇಬ್ಬರು ಹುಡುಗಿಯರು! ಇಬ್ಬರೂ ಬೆಂಗಳೂರಲ್ಲಿ ಹುಟ್ಟಿದವರಲ್ಲ. (ಆಮೇಲೆ ಕಾರು ಕೊಡ್ತೀವಿ ಅಂದವರಿಗೆ ರಾಜೇಶ್ವರಿ ಕಾರು ಬೇಡ, ಇರೋಕೆ ಮನೆ ಕೊಡಿ ಅಂದದ್ದು ಪೇಪರಿನಲ್ಲೆಲ್ಲ ಬಂತು. ಸನ್ಮಾನ ಮಾಡುವವರು ಇದನ್ನೊಮ್ಮೆ ಓದಬೇಕು.)

ಫೈನಲ್ ಕೈತಪ್ಪಿತು. ಲಾರ್ಡ್ಸ್‌ನಲ್ಲಿ ಕೊನೇ ಏಳು ವಿಕೆಟ್ 28 ರನ್ನಿಗೆ ಉರುಳಿದವು. 35 ಹೊಡೆದಿದ್ದ ವೇದಾ ವಿಕೆಟೂ ಅದರಲ್ಲೊಂದು. ಸೋತದ್ದು ಒಂಬತ್ತೇ ರನ್ನಿನಿಂದ.

ವೇದಾ ಬೆಳೆದದ್ದು ಹೇಗೆ? ಕಡೂರಿನ ಬೀದಿಯಲ್ಲಿ ಗಂಡುಹುಡುಗರ ಜೊತೆ ಆಡಿ. ಮನೆಯವರು ಕರಾಟೆಗೂ ಕಳಿಸಿದರು, ಕಪ್ಪು ಪಟ್ಟಿಯೂ ಬಂತು. ಆದರೆ ಕ್ರಿಕೆಟ್ ಸರಿಯಾಗಿ ಕಲೀಬೇಕು ಅಂದಾಗ ಬೆಂಗಳೂರು ಸೇರದೆ ಗತಿ ಇರಲಿಲ್ಲ. ಕೇಬಲ್ ವ್ಯವಹಾರ ಮಾಡುತ್ತಿದ್ದ ತಂದೆ ಹಿಂದೆ ನಿಂತರು. 2011ರಲ್ಲಿ, ಹದಿನೆಂಟನೇ ವಯಸ್ಸಿಗೆ, ಅದೇ ಡರ್ಬಿಯಲ್ಲಿ ಮೊದಲ ಏಕದಿನ ಪಂದ್ಯಕ್ಕೇ ಅರ್ಧ ಶತಕ. ಇದರಲ್ಲಿ ಪಾಲು ಕೇಳುವ ಹಕ್ಕು ಆ ಮನೆಗೆ ಇದೆ. ಜಿಲ್ಲೆಗೆ ಎಷ್ಟಿದೆ?

2021ರ ಕೊರೋನಾ ಎರಡೇ ವಾರದ ಅಂತರದಲ್ಲಿ ಅವರ ತಾಯಿಯನ್ನೂ ಅಕ್ಕನನ್ನೂ ಒಯ್ದಿತು. ಅದೇ ಮೇ ತಿಂಗಳಲ್ಲಿ ಕ್ರಿಕೆಟ್ ಮಂಡಳಿಯ ಗುತ್ತಿಗೆ ಪಟ್ಟಿಯಿಂದ ಹೆಸರೂ ಬಿತ್ತು. ಆಟದ ಲೆಕ್ಕಕ್ಕೆ ಅದು ಸರಿಯೇ ಇರಬಹುದು. ಆದರೆ ಆ ಹುಡುಗಿಯನ್ನು ಒಂದು ಮಾತು ವಿಚಾರಿಸಬಾರದಿತ್ತೇ ಎಂದು ಬಹಿರಂಗವಾಗಿ ಕೇಳಿದವರು ದೂರದ ಆಸ್ಟ್ರೇಲಿಯದ ಮಾಜಿ ನಾಯಕಿ ಲೀಸಾ ಸ್ಥಳೇಕರ್. 2020ರ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ 86 ಸಾವಿರ ಜನರೆದುರು ಆಡಿದ ಟಿ-ಟ್ವೆಂಟಿ ವಿಶ್ವಕಪ್ ಫೈನಲ್ಲೇ ಭಾರತದ ಪರ ವೇದಾ ಕೊನೇ ಆಟವಾಯಿತು.

1976ರಲ್ಲಿ ಭಾರತದ ಮಹಿಳೆಯರ ಮೊಟ್ಟಮೊದಲ ಟೆಸ್ಟ್ ನಡೆದದ್ದು ಬೆಂಗಳೂರಿನಲ್ಲಿ, ಆಗ ನಾಯಕಿ ಶಾಂತಾ ರಂಗಸ್ವಾಮಿ. ಅಂಥ ರಾಜ್ಯದ ಪಾಲು 2025ರಲ್ಲಿ ಸೊನ್ನೆ. ಹುಡುಗಿಯರು ಇಲ್ಲ ಅನ್ನುವಂತಿಲ್ಲ. ಈ ಸಲ ಕಪ್ ಗೆದ್ದ ಕ್ರಾಂತಿ ಗೌಡ್ ಮಧ್ಯಪ್ರದೇಶದ ಘುವಾರಾದವರು, ಶ್ರೀ ಚರಣಿ ಆಂಧ್ರದ ಕಡಪ ಜಿಲ್ಲೆಯವರು. ಅವು ಕಡೂರಿಗಿಂತ ದೊಡ್ಡ ಊರುಗಳೇನಲ್ಲ.

ಹಾಗಾಗಿ ಕೇಳಬೇಕಾದ್ದು ಸಣ್ಣ ಸಂಗತಿಗಳು. ತಾಲ್ಲೂಕು ಮೈದಾನಗಳಲ್ಲಿ ವಾರಕ್ಕೆ ಎಷ್ಟು ಸಂಜೆ ಹುಡುಗಿಯರಿಗೆಂದೇ ಬಿಟ್ಟಿದ್ದಾರೆ? ಮ್ಯಾಟ್ ಹಾಸಿದ ಪಿಚ್ ಎಷ್ಟಿವೆ? ಬಟ್ಟೆ ಬದಲಿಸೋಕೆ ಒಂದು ಕೋಣೆ, ಒಂದು ನಲ್ಲಿ ಇದೆಯೇ? ರಾಜ್ಯ ಸಂಸ್ಥೆಯ ಆಯ್ಕೆದಾರರು ಈ ಕಡೆ ಎಷ್ಟು ಸಲ ಬಂದು ಹೋಗುತ್ತಾರೆ? ಕ್ರೀಡಾ ಇಲಾಖೆಯ ಅಧಿಕಾರಿಗಳೂ ಕ್ರಿಕೆಟ್ ಸಂಸ್ಥೆಯ ಪದಾಧಿಕಾರಿಗಳೂ ಅಂಕಿ ಅಂಶ ಕೊಡಲಿ. ಬೇಸಿಗೆ ರಜೆಗೆ ಮುಂಚೆಯೇ ಕೊಡಲಿ, ಹುಡುಗಿಯರಿಗೆ ಶಾಲೆ ಇಲ್ಲದ ದಿನಗಳು ಅವೇ.