ಮೊದಲ ಮಾತ್ರೆಗೂ ಮುಂಚೆ

ಮಾನ್ಯ ಆರೋಗ್ಯ ಸಚಿವರೇ,

ನನ್ನ ತಂಗಿಯ ಮಗನಿಗೆ ಆರನೇ ವರ್ಷಕ್ಕೆ ರಕ್ತದ ಕ್ಯಾನ್ಸರ್ ಬಂತು. ಆಸ್ಪತ್ರೆಯ ಕೀಮೋ ಮುಗಿದು, ಮನೆಯಲ್ಲೇ ಮಾತ್ರೆ ಕೊಡುವ ‘ಮೇಂಟೆನೆನ್ಸ್’ ಶುರುವಾದಾಗ ಗಂಡಾಂತರ ಕಳೆಯಿತು ಅಂದುಕೊಂಡೆವು. ಒಂದು ರಾತ್ರಿ 50 ಮಿಲಿಗ್ರಾಂನ ಒಂದು ಮಾತ್ರೆ, ಮರುರಾತ್ರಿ ಒಂದೂವರೆ. ಮರೆಯದಿರಲೆಂದು ತಂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಮೂರನೇ ವಾರ ಹುಡುಗನ ಬಾಯೆಲ್ಲ ಹುಣ್ಣು. ಗಂಜಿ ತಾಗಿದರೂ ಚೀರುತ್ತಿದ್ದ. ಆಮೇಲೆ ಜ್ವರ. ‘ರಕ್ತಕಣಗಳ ಕೌಂಟ್ ಪೂರ್ತಿ ಬಿದ್ದಿದೆ’ ಅಂದರು ವೈದ್ಯರು. ‘ಮಾತ್ರೆ ಜಾಸ್ತಿ ಕೊಟ್ರಾ?’ ಎಂದು ಯಾರೋ ಕೇಳಿದ್ದು ಅವಳಿಗೆ ಇವತ್ತಿಗೂ ಚುಚ್ಚುತ್ತದೆ.

ಅವಳು ಚೀಟಿಯಲ್ಲಿದ್ದಷ್ಟೇ ಕೊಟ್ಟಿದ್ದಳು. ಆದರೆ ಡೋಸ್ ನಿರ್ಧರಿಸುವುದು ಎತ್ತರ, ತೂಕ ನೋಡಿ. ಮೈ ಆ ಔಷಧವನ್ನು ಎಷ್ಟು ಬೇಗ ನಿರ್ವಿಷಗೊಳಿಸುತ್ತದೆ ಎಂಬುದನ್ನು ತಕ್ಕಡಿ ಹೇಳುವುದಿಲ್ಲ.

ಔಷಧದ ಹೆಸರು ಮರ್ಕ್ಯಾಪ್ಟೊಪ್ಯೂರಿನ್. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಹಂಚಿಕೊಂಡವರು. ಅದರಿಂದ ಬದುಕಿದ ಮಕ್ಕಳಿಗೆ ಲೆಕ್ಕವಿಲ್ಲ. ಹಾಗಾಗಿ ಔಷಧವನ್ನು ನಾನು ದೂರುತ್ತಿಲ್ಲ. ಅದರ ಕಾವು ತಗ್ಗಿಸುವ ಕಿಣ್ವಗಳಲ್ಲಿ ಒಂದು ಟಿಪಿಎಂಟಿ. ಪಶ್ಚಿಮದವರು ಬಹುಕಾಲ ಪರೀಕ್ಷಿಸಿದ್ದು ಅದನ್ನೇ, ಅವರಲ್ಲಿ ದೋಷ ಹೆಚ್ಚಾಗಿ ಕಾಣುವುದು ಅಲ್ಲೇ. ನಮ್ಮವರಲ್ಲಿ ಹೆಚ್ಚು ಕಾಣುವುದು ಎನ್‌ಯುಡಿಟಿ15 ಎಂಬ ಇನ್ನೊಂದು ಜೀನಿನ ದೋಷ. ಅದರ ಪಾತ್ರವನ್ನು 2014ರಲ್ಲಿ ತೋರಿಸಿದವರು ಕೊರಿಯಾದ ಸಂಶೋಧಕರು, ಅದೂ ಕ್ಯಾನ್ಸರ್ ರೋಗಿಗಳಲ್ಲಲ್ಲ, ಇದೇ ಬಗೆಯ ಔಷಧ ತೆಗೆದುಕೊಳ್ಳುತ್ತಿದ್ದ ಕರುಳಿನ ರೋಗಿಗಳಲ್ಲಿ. ಈ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದರೆ, ದಿನಕ್ಕೆ ದೇಹದ ಮೇಲ್ಮೈಯ ಚದರ ಮೀಟರಿಗೆ 75ರ ಬದಲು 10 ಮಿಲಿಗ್ರಾಂನಿಂದ ಆರಂಭಿಸಿ ಎನ್ನುತ್ತದೆ ಅಂತರರಾಷ್ಟ್ರೀಯ ಮಾರ್ಗಸೂಚಿ. ನಮ್ಮ ಹುಡುಗನದು ಅದೇ ಕಥೆ. ಗೊತ್ತಾಗಿದ್ದು ಐಸಿಯುವಿನಿಂದ ಹೊರಬಂದ ಮೇಲೆ.

ಆದ್ದರಿಂದ ಟಿಪಿಎಂಟಿಯೊಂದನ್ನೇ ನೋಡಿ ‘ನಾರ್ಮಲ್’ ಎಂದು ಬರೆಯುವ ವರದಿ ನಮ್ಮ ಮಕ್ಕಳಿಗೆ ಸಾಲದು. ಕಿಣ್ವದ ಮಟ್ಟ ಅಳೆದರೂ ಸಾಲದು: ಈ ಮಕ್ಕಳಿಗೆ ಆಗಲೇ ಬೇರೆಯವರ ರಕ್ತ ಏರಿಸಿರುತ್ತಾರೆ, ದಾನಿಯ ಕೆಂಪುಕಣವೇ ಲೆಕ್ಕ ಕೆಡಿಸುತ್ತದೆ. ಜೀನನ್ನೇ ನೋಡಬೇಕು. ಹುಟ್ಟಿನಿಂದ ಬಂದದ್ದು ಬದಲಾಗದು. ಒಮ್ಮೆ ನೋಡಿದರೆ ಆಯಿತು. ವಾರವಾರದ ಕೌಂಟ್ ಮಾತ್ರ ತಪ್ಪಿಸುವಂತಿಲ್ಲ, ಎಲ್ಲ ಕಾರಣವೂ ಜೀನಿನಲ್ಲಿಲ್ಲವಲ್ಲ.

ಈಗ ಅವನಿಗೆ ವಾರಕ್ಕೆ ಎರಡು ದಿನ, ಅರ್ಧರ್ಧ ಮಾತ್ರೆ. ಅಷ್ಟಕ್ಕೇ ಕೌಂಟ್ ಇರಬೇಕಾದಲ್ಲಿ ನಿಂತಿದೆ.

ತಾವು ಮಾಡಬೇಕಾದದ್ದು ಇಷ್ಟೆ: ಸರ್ಕಾರಿ ಯೋಜನೆಯಡಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಪ್ರತಿ ಮಗುವಿಗೂ ಈ ಎರಡು ಜೀನುಗಳ ಪರೀಕ್ಷೆ ಪುಕ್ಕಟೆಯಾಗಿ ಆಗಲಿ, ಮೊದಲ ಮಾತ್ರೆಯ ಚೀಟಿ ಬರೆಯುವ ಹೊತ್ತಿಗೆ ವರದಿ ವೈದ್ಯರ ಮೇಜಿನ ಮೇಲಿರಲಿ. ಆದೇಶ ಹೊರಡಿಸಿ.

ಇಂತಿ,
ಒಬ್ಬ ಸೋದರಮಾವ